ಸೀಗಡಿ ಮರಿಗೆ ಮೊದಲ ತುತ್ತು ಹುಡುಕಿದ ಡಾ. ಫುಜಿನಾಗ

ತುಂಗಭದ್ರಾ ಕಾಲುವೆಗಳ ಕೆಳಗೆ ಭತ್ತ ಬೆಳೆಯುವ ರೈತರಿಗೆ ಸವಳು, ಜವಳು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಂಪ್ಲಿಯಿಂದ ಸಿರುಗುಪ್ಪದ ಕಡೆಗೂ, ಹೊಳೆಯಾಚೆ ಗಂಗಾವತಿ, ಸಿಂಧನೂರುಗಳ ಕಡೆಗೂ ನೀರು ನಿಂತು, ಉಪ್ಪು ಮೇಲೆದ್ದು, ಬೂದಿ ಚೆಲ್ಲಿದಂತೆ ಬೆಳ್ಳಗೆ ಕಾಣುವ ತುಂಡು ಹೊಲಗಳನ್ನು ಎಲ್ಲರೂ ನೋಡಿದ್ದಾರೆ. ಅಂಥ ಭೂಮಿಯಲ್ಲಿ ಭತ್ತ ಕೈಕೊಟ್ಟಾಗ ಹೊಂಡ ತೋಡಿ ಕಟ್ಲಾ, ರೋಹು ಸಾಕಿ ನಾಲ್ಕು ಕಾಸು ಕಂಡವರೂ ಇದ್ದಾರೆ. ಮೀನು ಕೈಗೆ ಹತ್ತಿದ ಮೇಲೆ ಸೀಗಡಿಯ ಯೋಚನೆ ಬರುವುದು ಸಹಜ. ಮೀನಿಗಿಂತ ಅದಕ್ಕೆ ಬೆಲೆ ಹೆಚ್ಚು. ಮೂರೂವರೆ, ನಾಲ್ಕು ತಿಂಗಳಲ್ಲಿ ಬೆಳೆ ಕೈಗೆ ಬರುತ್ತದೆ. ನೆರೆಯ ಆಂಧ್ರದ ಕರಾವಳಿಯಲ್ಲಿ ಅದರಿಂದಲೇ ಮನೆ ಕಟ್ಟಿದವರ ಕಥೆಗಳು ಬಸ್ಸಿನಲ್ಲಿ ಕೂತರೆ ಕಿವಿಗೆ ಬೀಳುತ್ತವೆ. ಮನೆ ಮಾರಿದವರ ಕಥೆ ಅಷ್ಟಾಗಿ ಕೇಳಿಬರುವುದಿಲ್ಲ.

ಹೊಂಡಕ್ಕೆ ಗುದ್ದಲಿ ಹಾಕುವ ಮೊದಲು, ಸಮುದ್ರದ ಸೀಗಡಿಯನ್ನು ಮನುಷ್ಯನ ಕೈಕೆಳಗೆ ಮೊಟ್ಟಮೊದಲು ಮೊಟ್ಟೆಯಿಂದ ಬೆಳೆಸಿ ತೋರಿಸಿದ ಒಬ್ಬರ ಬಾಳನ್ನು ರೈತ ಬಾಂಧವರು ತಿಳಿದಿರುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಅವರು ಜಪಾನಿನ ಡಾ. ಮೊತೊಸಾಕು ಫುಜಿನಾಗ. ಹಳೆಯ ವಿಜ್ಞಾನ ಪತ್ರಿಕೆಗಳಲ್ಲಿ ಅವರ ಹೆಸರನ್ನು ಹುಡಿನಾಗ ಎಂದೂ ಬರೆದಿರುವುದುಂಟು, ಇಬ್ಬರೂ ಒಬ್ಬರೇ. ಸೀಗಡಿ ಸಾಕಣೆಯ ಪಿತಾಮಹ ಎಂದು ಜಗತ್ತಿನ ಮೀನುಗಾರಿಕಾ ವಿಜ್ಞಾನಿಗಳು ಅವರನ್ನು ಗೌರವಿಸುತ್ತಾರೆ. ಇಂದು ಲೋಕದ ಮಾರುಕಟ್ಟೆಗೆ ಬರುವ ಸೀಗಡಿಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಬಲೆಯಿಂದಲ್ಲ, ಹೊಂಡದಿಂದ ಬರುತ್ತಿದೆ. ಆ ಹೊಂಡಗಳ ಬೇರು ಹುಡುಕುತ್ತ ಹೋದರೆ ಅವರ ಪ್ರಯೋಗಶಾಲೆಯ ಗಾಜಿನ ಪಾತ್ರೆಗಳಿಗೆ ಬಂದು ನಿಲ್ಲುತ್ತೇವೆ.

ಮರಿ ಎಲ್ಲಿಂದ?

ಫುಜಿನಾಗ 1903ರಲ್ಲಿ ಜಪಾನಿನ ಯಮಗುಚಿ ಪ್ರಾಂತದಲ್ಲಿ ಜನಿಸಿದರು. ಅದು ಜಪಾನಿನ ಮುಖ್ಯ ದ್ವೀಪದ ಪಶ್ಚಿಮದ ತುದಿ. ಒಂದು ಕಡೆ ತೆರೆದ ಸಮುದ್ರ, ಇನ್ನೊಂದು ಕಡೆ ದ್ವೀಪಗಳ ನಡುವಿನ ಶಾಂತವಾದ ಸೆಟೊ ಒಳಗಡಲು. ತೋಕಿಯೋದ ವಿಶ್ವವಿದ್ಯಾಲಯದಲ್ಲಿ ಮೀನುಗಾರಿಕಾ ಶಾಸ್ತ್ರ ಓದಿ, ದೊಡ್ಡದೊಂದು ಮೀನುಗಾರಿಕಾ ಕಂಪನಿಯ ಸಂಶೋಧನಾಲಯಕ್ಕೆ ಸೇರಿದರು. ಅವರು ಕೈಗೆತ್ತಿಕೊಂಡದ್ದು ಕುರುಮಾ ಎಂಬ ಜಾತಿಯ ಸೀಗಡಿಯನ್ನು. ಜಪಾನಿ ಭಾಷೆಯಲ್ಲಿ ಕುರುಮಾ ಎಂದರೆ ಚಕ್ರ. ಮೈ ಸುರುಳಿ ಸುತ್ತಿದಾಗ ಅದರ ಅಡ್ಡಪಟ್ಟೆಗಳು ಗಾಡಿಯ ಗಾಲಿಯ ಅರಗಳಂತೆ ಕಾಣುವುದರಿಂದ ಆ ಹೆಸರು. ಜಪಾನಿನವರು ಈ ಸೀಗಡಿಯನ್ನು ಜೀವಂತವಾಗಿಯೇ ಕೊಳ್ಳಲು ಬಯಸುತ್ತಾರೆ. ತಂಪು ಮಾಡಿದ ಮರದ ಹೊಟ್ಟಿನಲ್ಲಿ ಹುದುಗಿಸಿ ಪೇಟೆಗೆ ಕಳಿಸುವ ರೂಢಿ ಅಲ್ಲಿದೆ. ಹೀಗಾಗಿ ಅದಕ್ಕೆ ಸಿಗುವ ಬೆಲೆ ಬೇರೆ ಯಾವ ಸೀಗಡಿಗೂ ಇಲ್ಲ.

ಅವರಿಗಿಂತ ಮೊದಲು ಸೀಗಡಿ ಸಾಕಣೆ ಇರಲೇ ಇಲ್ಲವೆಂದಲ್ಲ. ಜಪಾನಿನ ಅಮಕುಸಾ ದ್ವೀಪಗಳ ಬೆಸ್ತರು ಬಲೆಗೆ ಬಿದ್ದ ಸಣ್ಣ ಸೀಗಡಿಗಳನ್ನು ಕೊಳದಲ್ಲಿ ಕೂಡಿಹಾಕಿ, ಬೆಲೆ ಬಂದಾಗ ಮಾರುತ್ತಿದ್ದರು. ನಮ್ಮ ಕುಮಟಾ ಕಡೆಯ ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ ಇದಕ್ಕಿಂತ ಚೆಂದದ ಪದ್ಧತಿ ಇತ್ತು. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ. ಕೊಯ್ಲಿನ ನಂತರ ಭರತದ ನೀರನ್ನು ಒಳಬಿಟ್ಟರೆ ಅದರ ಜೊತೆ ಮರಿಸೀಗಡಿ ಬಂದು, ಕೊಳೆತ ಕೂಳೆಯಲ್ಲಿ ಮೇದು ಬೆಳೆಯುತ್ತಿತ್ತು. ಕೇರಳದ ಪೊಕ್ಕಾಲಿ ಗದ್ದೆಗಳಲ್ಲಿಯೂ ಇದೇ ರೀತಿ. ಆದರೆ ಇವೆಲ್ಲವೂ ಸಮುದ್ರ ಕೊಟ್ಟಷ್ಟನ್ನು ಪಡೆಯುವ ಕೃಷಿ. ಒಂದು ವರ್ಷ ಮರಿ ಬಂದರೆ ಬಂತು, ಇಲ್ಲವಾದರೆ ಇಲ್ಲ. ಬಿತ್ತುವ ಬೀಜ ರೈತನ ಕೈಯಲ್ಲಿ ಇಲ್ಲದಿರುವ ತನಕ ಅದನ್ನು ಬೇಸಾಯ ಎನ್ನುವುದು ಕಷ್ಟ.

ನಮ್ಮ ಕಡೆಯ ಮೀನಿನ ಕಥೆಯೂ ಒಂದು ಕಾಲಕ್ಕೆ ಹಾಗೆಯೇ ಇತ್ತು. ಕಟ್ಲಾ, ರೋಹು, ಮೃಗಾಲ್‌ಗಳು ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುವ ಮೀನುಗಳು. ಕೆರೆಯ ನಿಂತ ನೀರಿನಲ್ಲಿ ಇಡುವುದಿಲ್ಲ. ಉತ್ತರದ ನದಿಗಳಲ್ಲಿ ಮರಿ ಹಿಡಿದು ರೈಲಿನಲ್ಲಿ ಸಾಗಿಸಬೇಕಾಗಿತ್ತು. 1957ರಲ್ಲಿ ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಡಾ. ಅಲಿಕುಂಞಿ ಅವರು ಮೆದುಳಿನ ಬುಡದ ಗ್ರಂಥಿಯ ರಸವನ್ನು ಚುಚ್ಚಿ ಕೊಳದಲ್ಲಿಯೇ ಮೊಟ್ಟೆಯಿಡಿಸಿದ ಮೇಲೆ ಆ ಬೀಗ ಬಿಚ್ಚಿತು. 1953ರಲ್ಲಿ ನೀರು ಹರಿಸತೊಡಗಿದ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿಗೆ ಮೀನುಮರಿ ಬಿಡುವುದು, ಅಣೆಕಟ್ಟಿನ ಬಳಿ ಮಂಡಳಿಯವರು ಮೀನುಮರಿ ಬೆಳೆಸುವುದು, ಕೊಳದ ಸಾಕಣೆ ಹಳ್ಳಿಗಳಿಗೆ ಬಂದದ್ದು, ಇವಕ್ಕೆಲ್ಲ ಆ ವಿದ್ಯೆಯೇ ಬಲ ಕೊಟ್ಟಿತು. ಸೀಗಡಿಯ ಬೀಗ ಇದಕ್ಕಿಂತ ಗಟ್ಟಿಯಾದದ್ದು. ಸೀಗಡಿಗೆ ಮೊಟ್ಟೆಯಿಡಿಸಿದರೆ ಕೆಲಸ ಮುಗಿಯುವುದಿಲ್ಲ. ಕಷ್ಟ ಶುರುವಾಗುವುದೇ ಆಮೇಲೆ.

ಹನ್ನೆರಡು ದಿನಗಳ ಗಂಡಾಂತರ

ಬಸುರಿ ಸೀಗಡಿಗಳನ್ನು ಸಮುದ್ರದಿಂದ ತಂದು ತೊಟ್ಟಿಯಲ್ಲಿಟ್ಟು, 1934ರ ವೇಳೆಗೆ ಫುಜಿನಾಗ ಅವರು ಮೊಟ್ಟೆಯಿಡಿಸಿ ಒಡೆಸುವುದರಲ್ಲಿ ಯಶಸ್ವಿಯಾದರು. ಹೆಣ್ಣು ಸೀಗಡಿ ರಾತ್ರಿಯ ಹೊತ್ತು ನೀರಿನಲ್ಲಿ ಈಜುತ್ತಲೇ ಮೊಟ್ಟೆ ಚೆಲ್ಲುತ್ತದೆ. ಒಂದೊಂದು ಹೆಣ್ಣಿಗೆ ಕೆಲವು ಲಕ್ಷ ಮೊಟ್ಟೆ. ನೀರು ಬೆಚ್ಚಗಿದ್ದರೆ ಹದಿಮೂರು ಹದಿನಾಲ್ಕು ಗಂಟೆಗಳಲ್ಲಿ ಒಡೆಯುತ್ತವೆ. ಲಕ್ಷಗಟ್ಟಲೆ ಮರಿ ಕಣ್ಣೆದುರಿಗೆ ಚುಕ್ಕಿಗಳಂತೆ ಈಜಾಡುವುದನ್ನು ಕಂಡರೆ ಗೆದ್ದೆವೆಂದೇ ಯಾರಿಗಾದರೂ ಅನ್ನಿಸಬೇಕು. ಎರಡು ದಿನಗಳಲ್ಲಿ ಅವೆಲ್ಲ ಸತ್ತು ತಳ ಸೇರುತ್ತಿದ್ದವು.

ಕಾರಣವನ್ನು ತಿಳಿಯಲು ನಮ್ಮ ರೇಷ್ಮೆ ಬೆಳೆಗಾರರಿಗೆ ಕಷ್ಟವಾಗಲಾರದು. ಚಾಕಿ ಹುಳಕ್ಕೆ ಬಲಿತ ಸೊಪ್ಪು ಹಾಕಿದರೆ ಹುಳ ಉಳಿಯುವುದಿಲ್ಲ. ಒಂದೊಂದು ಜ್ವರ ದಾಟಿದಂತೆ ಸೊಪ್ಪಿನ ಹದವೂ ಬದಲಾಗಬೇಕು. ಸೀಗಡಿಯ ಮರಿ ದೊಡ್ಡ ಸೀಗಡಿಯ ರೂಪಕ್ಕೆ ಬರುವ ಮುನ್ನ ಇಂಥ ಪೊರೆ ಕಳಚುವ ಕೆಲಸವನ್ನು ಹನ್ನೆರಡು ಸಲ ಮಾಡುತ್ತದೆ. ಮೊದಲ ಹಂತವಾದ ನಾಪ್ಲಿಯಸ್ ಆರು ಸಲ ಪೊರೆ ಬಿಡುತ್ತದೆ. ಅದಕ್ಕೆ ಹೊರಗಿನ ಆಹಾರವೇ ಬೇಡ, ಮೊಟ್ಟೆಯಿಂದ ತಂದ ಬುತ್ತಿಯೇ ಸುಮಾರು ಒಂದೂವರೆ ದಿನ ಸಾಕಾಗುತ್ತದೆ. ಮುಂದಿನದು ಜೋಯಿಯಾ. ಬುತ್ತಿ ಮುಗಿದಿದೆ, ಬಾಯಿ ಈಗಷ್ಟೇ ತೆರೆದಿದೆ. ಆ ಬಾಯಿಗೆ ಹಿಡಿಸುವಂಥದು, ನೀರಿನಲ್ಲಿ ತೇಲುತ್ತಿರುವಂಥದು, ಜೀವಂತವಾದದ್ದು ಆಗಬೇಕು. ಹಿಟ್ಟು ಕದಡಿದರೆ ನೀರು ಕೆಡುತ್ತದೆ, ಮರಿ ಸಾಯುತ್ತದೆ. ಅಲ್ಲಿಂದ ಮೈಸಿಸ್ ಎಂಬ ಮೂರನೆಯ ಹಂತಕ್ಕೆ ಹೋದರೆ ಹಸಿವಿನ ಬಗೆಯೇ ಬೇರೆ. ಆಗ ಸಸ್ಯ ಸಾಲದು, ಸೂಕ್ಷ್ಮ ಜೀವಿಗಳು ಬೇಕು. ಎಲ್ಲ ಸೇರಿ ಹತ್ತು ಹನ್ನೆರಡು ದಿನಗಳ ಪಯಣ. ಈ ಹನ್ನೆರಡು ದಿನಗಳ ಗುಟ್ಟು ಬಿಡಿಸಲು ಫುಜಿನಾಗ ಅವರಿಗೆ ವರ್ಷಗಳೇ ಹಿಡಿದವು.

ಜೋಯಿಯಾ ಹಂತದ ತುತ್ತು ಕೊನೆಗೆ ಸಿಕ್ಕಿದ್ದು ಒಂದು ಸೂಕ್ಷ್ಮ ಪಾಚಿಯಲ್ಲಿ. ಸ್ಕೆಲೆಟೋನೆಮ ಎಂಬುದು ಅದರ ಹೆಸರು. ಸಮುದ್ರದ ನೀರಿನಲ್ಲಿ ಬರಿಗಣ್ಣಿಗೆ ಕಾಣದ ಸರಪಣಿಯಂತೆ ತೇಲುವ ಸಸ್ಯ. ಮತ್ಸುಯೆ ಎಂಬ ಇನ್ನೊಬ್ಬ ಜಪಾನಿ ವಿಜ್ಞಾನಿ ಆ ಪಾಚಿಯನ್ನು ಬೇರೆ ಯಾವುದೂ ಬೆರೆಯದಂತೆ ಶುದ್ಧವಾಗಿ ಬೆಳೆಸುವ ವಿಧಾನವನ್ನು ಕಂಡುಹಿಡಿದಿದ್ದರು. ಅದನ್ನು ಮರಿಗಳಿಗೆ ಕೊಟ್ಟಾಗ ಅವು ಬದುಕಿದವು, ಪೊರೆ ಬಿಟ್ಟವು, ಮುಂದಿನ ಹಂತಕ್ಕೆ ದಾಟಿದವು. ಒಬ್ಬರು ಪಾಚಿ ಬೆಳೆಸಿದರು, ಒಬ್ಬರು ಸೀಗಡಿ ಬೆಳೆಸಿದರು. ಹೆಸರು ಉಳಿದದ್ದು ಸೀಗಡಿಯವರದು. ಹೀಗಾಗುವುದು ಲೋಕರೂಢಿ.

ಈ ಎಲ್ಲ ಕೆಲಸವನ್ನು ಅವರು 1942ರಲ್ಲಿ ಒಂದು ದೀರ್ಘ ಪ್ರಬಂಧವಾಗಿ, ಇಂಗ್ಲಿಷಿನಲ್ಲಿ ಬರೆದು, ಜಪಾನಿನ ಪ್ರಾಣಿಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಮೊಟ್ಟೆಯಿಂದ ಹಿಡಿದು ಒಂದೊಂದು ಪೊರೆಯವರೆಗೂ ಚಿತ್ರ ಬರೆದು ವಿವರಿಸಿದ ಆ ಪ್ರಬಂಧ ಇಂದಿಗೂ ಈ ವಿದ್ಯೆಯ ಅಡಿಗಲ್ಲು. ಆದರೆ ಅದು ಮಹಾಯುದ್ಧದ ನಡುಗಾಲ. ಜಪಾನ್ ಮತ್ತು ಅಮೆರಿಕ ಒಂದನ್ನೊಂದು ಸುಡುತ್ತಿದ್ದಾಗ ಸೀಗಡಿಯ ಮರಿ ಏನು ತಿನ್ನುತ್ತದೆಂಬುದನ್ನು ಓದುವವರು ಯಾರು? ಜಪಾನಿನ ಹೊರಗೆ ಅದು ಹರಡಿದ್ದು ಯುದ್ಧ ಮುಗಿದ ಮೇಲೆಯೇ.

ಉಪ್ಪಿನ ಗದ್ದೆಗೆ ಸೀಗಡಿ

ಯುದ್ಧದಲ್ಲಿ ಸೋತ ದೇಶಕ್ಕೆ ಮೊದಲು ಬೇಕಾದದ್ದು ಹೊಟ್ಟೆ ತುಂಬುವ ಮೀನು, ಸಿರಿವಂತರ ತಟ್ಟೆಯ ಸೀಗಡಿಯಲ್ಲ. ಫುಜಿನಾಗ ಅವರು ಸರ್ಕಾರದ ಮೀನುಗಾರಿಕಾ ಇಲಾಖೆಯಲ್ಲಿ ಸಂಶೋಧನೆಯ ಮೇಲ್ವಿಚಾರಣೆಯ ಹುದ್ದೆಯಲ್ಲಿ ವರ್ಷಗಳನ್ನು ಕಳೆದರು. ಕಡತ, ಸಭೆ, ವರದಿ. ಐವತ್ತು ದಾಟಿದ ವಯಸ್ಸಿನಲ್ಲಿ, ಎಲ್ಲರೂ ವಿಶ್ರಾಂತಿಯ ಲೆಕ್ಕ ಹಾಕುವ ಹೊತ್ತಿನಲ್ಲಿ, ಅವರು ಹಳೆಯ ಕೆಲಸಕ್ಕೆ ಮರಳಿದರು. ಪ್ರಯೋಗಶಾಲೆಯಲ್ಲಿ ಮರಿ ಮಾಡಿ ತೋರಿಸುವುದು ಒಂದು. ರೈತ ಕೊಂಡು ಹೊಂಡಕ್ಕೆ ಬಿಡುವಷ್ಟು ಮರಿ, ಕೊಂಡರೆ ಲಾಭ ಉಳಿಯುವಂಥ ಬೆಲೆಗೆ ಮಾಡುವುದು ಇನ್ನೊಂದು. ಎರಡರ ನಡುವೆ ಇಪ್ಪತ್ತು ವರ್ಷಗಳ ಅಂತರವಿತ್ತು.

ಇದೇ ಕಾಲಕ್ಕೆ ಸೆಟೊ ಒಳಗಡಲಿನ ದಂಡೆಯ ಉಪ್ಪಿನ ಗದ್ದೆಗಳು ಪಾಳು ಬಿದ್ದವು. ಯಂತ್ರದಿಂದ ಉಪ್ಪು ತೆಗೆಯುವ ಪದ್ಧತಿ ಬಂದು, 1960ರ ಸುಮಾರಿಗೆ ಸರ್ಕಾರವೇ ಹಳೆಯ ಗದ್ದೆಗಳನ್ನು ಮುಚ್ಚಿಸಿತು. ಒಡ್ಡು ಇದೆ, ತೂಬು ಇದೆ, ಭರತ ಇಳಿತಕ್ಕೆ ನೀರು ಬಂದು ಹೋಗುತ್ತದೆ, ಮಾಡಲು ಬೆಳೆ ಇಲ್ಲ. ಫುಜಿನಾಗ ಅವರು ತಮ್ಮ ಹುಟ್ಟುಪ್ರಾಂತದ ಐಯೋ ಎಂಬ ಊರಿನಲ್ಲಿ ಅಂಥ ಗದ್ದೆಗಳನ್ನು ಹಿಡಿದು, 1963ರಲ್ಲಿ, ತಮ್ಮ ಅರವತ್ತನೆಯ ವಯಸ್ಸಿನಲ್ಲಿ, ಸೀಗಡಿ ಸಾಕಣೆಯನ್ನು ವ್ಯಾಪಾರದ ಮಟ್ಟಕ್ಕೆ ತಂದರು. ಐಯೋದವರು ತಮ್ಮ ಊರನ್ನು ಕುರುಮಾ ಸಾಕಣೆಯ ತವರೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಇಲ್ಲಿ ಒಂದು ಅಂಶವನ್ನು ನಮ್ಮ ಓದುಗರು ಗಮನಿಸಬೇಕು. ಅವರು ಆರಿಸಿದ್ದು ಮೊದಲೇ ಉಪ್ಪುಂಡ ನೆಲವನ್ನು. ಭತ್ತದ ಗದ್ದೆಗೆ ಅವರು ಉಪ್ಪು ತಂದು ಸುರಿಯಲಿಲ್ಲ.

ಮರಿ ಮಾಡುವ ವಿಧಾನವೂ ಈ ಹೊತ್ತಿಗೆ ಬದಲಾಯಿತು. ಪಾಚಿಯನ್ನು ಬೇರೆ ಪಾತ್ರೆಯಲ್ಲಿ ಬೆಳೆಸಿ, ಅಳೆದು ಅಳೆದು ಹಾಕುವ ಬದಲು, ಅವರೂ ಅವರ ಸಹೋದ್ಯೋಗಿ ಕಿತ್ತಕಾ ಅವರೂ ಸೇರಿ ನೂರು, ಇನ್ನೂರು ಟನ್ ನೀರು ಹಿಡಿಯುವ ದೊಡ್ಡ ತೊಟ್ಟಿಗಳನ್ನು ಕಟ್ಟಿಸಿದರು. ಮರಿ ಇರುವ ತೊಟ್ಟಿಗೇ ಗೊಬ್ಬರ ಹಾಕಿ, ಅಲ್ಲಿಯೇ ಪಾಚಿ ಏಳುವಂತೆ ಮಾಡಿದರು. ಕೊಳಕ್ಕೆ ಸಗಣಿ ಗೊಬ್ಬರ ಹಾಕಿ ನೀರು ಹಸಿರಾದ ಮೇಲೆ ಮೀನುಮರಿ ಬಿಡುವ ನಮ್ಮ ಮೀನು ಕೃಷಿಕರಿಗೆ ಇದರಲ್ಲಿ ಹೊಸದೇನೂ ಕಾಣದಿರಬಹುದು. ಆದರೆ ಸೀಗಡಿಗೆ ಅದು ಒಗ್ಗೀತೆಂದು ಅಲ್ಲಿಯ ತನಕ ಯಾರೂ ಧೈರ್ಯ ಮಾಡಿರಲಿಲ್ಲ. ಮರಿಯ ಸಂಖ್ಯೆ ಸಾವಿರದಿಂದ ಲಕ್ಷಕ್ಕೆ, ಲಕ್ಷದಿಂದ ಕೋಟಿಗೆ ಏರಿತು. ಹೊಂಡಕ್ಕೆ ಸಾಕಾಗಿ ಮಿಕ್ಕ ಮರಿಯನ್ನು ಸಮುದ್ರಕ್ಕೇ ಬಿಟ್ಟು ಬೆಸ್ತರ ಬಲೆಯನ್ನು ತುಂಬುವ ಯೋಜನೆಯೂ ಜಪಾನಿನಲ್ಲಿ ಆರಂಭವಾಯಿತು. ನಮ್ಮ ಜಲಾಶಯಕ್ಕೆ ಮೀನುಮರಿ ಬಿಟ್ಟಂತೆಯೇ ಇದು; ಅವರು ಸಮುದ್ರವನ್ನೇ ಕೆರೆ ಮಾಡಿಕೊಂಡರು.

ಹೊಂಡದೊಳಗಿನ ಬೆಳೆ ಮಾತ್ರ ಸುಲಭವಾಗಿರಲಿಲ್ಲ. ಕುರುಮಾ ಹಗಲೆಲ್ಲ ಮರಳಿನಲ್ಲಿ ಹುದುಗಿಕೊಂಡು, ರಾತ್ರಿ ಎದ್ದು ಮೇಯುವ ಪ್ರಾಣಿ. ತಳದಲ್ಲಿ ಶುಭ್ರವಾದ ಮರಳು ಬೇಕು. ತಿಂದು ಬಿಟ್ಟ ಆಹಾರ ಆ ಮರಳಿನಲ್ಲಿ ಕೊಳೆತರೆ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬಂದು, ಸೀಗಡಿ ಹುದುಗಿದಲ್ಲಿಯೇ ಸಾಯುತ್ತದೆ. ಮೇವೂ ದುಬಾರಿ. ಆಗ ಚಿಪ್ಪುಮೀನಿನ ಮಾಂಸವನ್ನು ಜಜ್ಜಿ ಹಾಕುತ್ತಿದ್ದರು; ಒಂದು ಕಿಲೋ ಸೀಗಡಿ ಪಡೆಯಲು ಹತ್ತು ಕಿಲೋ ಅಥವಾ ಅದಕ್ಕೂ ಹೆಚ್ಚು ಹಸಿ ಮೇವು ಬೇಕಾಗುತ್ತಿತ್ತು. ಒಣ ಮೇವಿನ ಕಾಳುಗಳು ಬಂದದ್ದು ಅರವತ್ತರ ದಶಕದ ಕೊನೆಗೆ. ಮುಂದೆ ಕಾಗೊಶಿಮಾ ಕಡೆಯಲ್ಲಿ ಶಿಗೆನೊ ಎಂಬವರು ದುಂಡನೆಯ ಕಾಂಕ್ರೀಟ್ ತೊಟ್ಟಿ ಕಟ್ಟಿ, ತಳದ ಮರಳಿನ ಮೂಲಕ ನೀರು ಸುತ್ತುವಂತೆ ಮಾಡಿ, ಒಂದು ಚದರ ಮೀಟರ್ ಜಾಗದಲ್ಲಿ ಎರಡು ಕಿಲೋವರೆಗೆ ಸೀಗಡಿ ತೆಗೆದರು. ಇಂದು ಒತ್ತೊತ್ತಾಗಿ ಸಾಕುವ ತೀವ್ರ ಸಾಕಣೆ ಎನ್ನುವುದರ ಆರಂಭವೇ ಇದು. ಆದರೆ ಅದು ಜೀವಂತ ಕುರುಮಾಕ್ಕೆ ಚಿನ್ನದ ಬೆಲೆ ಕೊಡುವ ನಾಡಿನ ಲೆಕ್ಕ. ಅಷ್ಟು ಖರ್ಚನ್ನು ತಡೆದುಕೊಳ್ಳುವ ಮಾರುಕಟ್ಟೆ ಎಲ್ಲರಿಗೂ ಇರುವುದಿಲ್ಲ.

1967ರ ಜೂನ್ ತಿಂಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಮೆಕ್ಸಿಕೋ ನಗರದಲ್ಲಿ ಸೀಗಡಿಯ ಬಗ್ಗೆಯೇ ಒಂದು ಜಾಗತಿಕ ವಿಜ್ಞಾನ ಸಮ್ಮೇಳನ ಕರೆಯಿತು. ಅಲ್ಲಿ ಫುಜಿನಾಗ ಅವರ ಪ್ರಬಂಧದ ಮೂಲಕ ಜಪಾನಿನ ಕುರುಮಾ ಸಾಕಣೆಯ ವಿವರ ಎಲ್ಲ ದೇಶಗಳಿಗೂ ತಲುಪಿತು. ಅವರು ತಮ್ಮ ವಿದ್ಯೆಯನ್ನು ಮುಚ್ಚಿಡಲಿಲ್ಲ. ಅವರ ಬಳಿ ಕಲಿತ ಲಿಯಾವೊ ಎಂಬ ತೈವಾನಿನ ವಿಜ್ಞಾನಿ ಊರಿಗೆ ಮರಳಿ, 1968ರಲ್ಲಿ ಕಪ್ಪು ಪಟ್ಟೆಯ ಹುಲಿಸೀಗಡಿಯ ಮರಿ ಮಾಡಿದರು. ನಮ್ಮ ದೇಶದಲ್ಲಿ ಕೊಚ್ಚಿ ಬಳಿಯ ನಾರಕ್ಕಲ್‌ನಲ್ಲಿ ಎಪ್ಪತ್ತರ ದಶಕದಲ್ಲಿ ನಮ್ಮದೇ ಜಾತಿಯ ಸೀಗಡಿಗಳ ಮೇಲೆ ಇಂಥ ಕೆಲಸ ನಡೆಯಿತು. 1973ರಲ್ಲಿ, ಎಪ್ಪತ್ತರ ಅಂಚಿನಲ್ಲಿ, ಫುಜಿನಾಗ ತೀರಿಕೊಂಡರು. ಲೋಕದ ಸೀಗಡಿ ಸಾಕಣೆ ಆಗ ಇನ್ನೂ ತೊಟ್ಟಿಲ ಕೂಸು.

ಅವರು ಕಾಣದೆ ಹೋದದ್ದು

ತೈವಾನಿನ ಹುಲಿಸೀಗಡಿ ಎಂಬತ್ತರ ದಶಕದಲ್ಲಿ ಹುಚ್ಚು ಹಿಡಿದಂತೆ ಬೆಳೆಯಿತು. ಹೊಂಡಕ್ಕೆ ಇಂದು ಹತ್ತು ಸಾವಿರ ಬಿಟ್ಟವನು ನಾಳೆ ಇಪ್ಪತ್ತು ಸಾವಿರ ಬಿಟ್ಟ. ಉಪ್ಪು ನೀರನ್ನು ತಿಳಿಮಾಡಲು ನೆಲದೊಳಗಿನ ಸಿಹಿನೀರನ್ನು ಎತ್ತಿ ಎತ್ತಿ ಸುರಿದರು. ಪಿಂಗ್‌ಟುಂಗ್ ಕರಾವಳಿಯಲ್ಲಿ ನೆಲವೇ ಕುಸಿದು, ಊರೊಳಗೆ ಸಮುದ್ರದ ನೀರು ನುಗ್ಗುವ ಸ್ಥಿತಿ ಬಂತು. 1987ರಲ್ಲಿ ತುತ್ತತುದಿಗೆ ಏರಿದ ಉತ್ಪಾದನೆ ಮರುವರ್ಷವೇ ಅರ್ಧಕ್ಕಿಂತ ಕೆಳಗೆ ಬಿತ್ತು. ಹೊಲಸಾದ ತಳ, ಕಿಕ್ಕಿರಿದ ಹೊಂಡ, ಅದರ ಮೇಲೆ ರೋಗ. ಬಿಳಿಚುಕ್ಕೆ ರೋಗವೆಂಬ ಇನ್ನೊಂದು ಮಾರಿ 1992ರ ಸುಮಾರಿಗೆ ತೈವಾನಿನಲ್ಲಿ ಕಾಣಿಸಿಕೊಂಡು, 1993ರಲ್ಲಿ ಹೊರಗಿನಿಂದ ತರಿಸಿದ ಮರಿಯ ಜೊತೆ ಜಪಾನಿನ ಕುರುಮಾ ಹೊಂಡಗಳಿಗೂ ಬಂತು. ಮರಿ ಕೈಗೆ ಸಿಗುವಂತೆ ಮಾಡಿದವರು ಫುಜಿನಾಗ. ಆ ಮರಿಯೇ ರೋಗದ ವಾಹನವಾದದ್ದು ಅವರು ತೀರಿಕೊಂಡ ಇಪ್ಪತ್ತು ವರ್ಷಗಳ ನಂತರ.

ಭಾರತದಲ್ಲಿಯೂ ಅದೇ ಪಾಠ ಮರುಕಳಿಸಿತು. ತೊಂಬತ್ತರ ದಶಕದ ಆರಂಭದಲ್ಲಿ ನೆಲ್ಲೂರಿನಿಂದ ತಂಜಾವೂರಿನ ಕರಾವಳಿಯವರೆಗೆ ಭತ್ತದ ಗದ್ದೆಗಳು ಸೀಗಡಿ ಹೊಂಡಗಳಾದವು. 1994ರಿಂದ ಬಿಳಿಚುಕ್ಕೆ ರೋಗ ಬಡಿಯಿತು. ಚಿಪ್ಪಿನ ಮೇಲೆ ಚುಕ್ಕೆ ಕಂಡ ವಾರದೊಳಗೆ ಹೊಂಡವೇ ಖಾಲಿ. ಪಕ್ಕದ ಬಾವಿಗಳ ನೀರು ಉಪ್ಪಾಯಿತೆಂದು, ಗದ್ದೆ ಕೆಟ್ಟಿತೆಂದು ತಮಿಳುನಾಡಿನ ಸರ್ವೋದಯ ನಾಯಕ ಜಗನ್ನಾಥನ್ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1996ರ ಡಿಸೆಂಬರ್ 11ರಂದು ಬಂದ ತೀರ್ಪು ಸಾಗುವಳಿ ಭೂಮಿಯನ್ನು ಸೀಗಡಿ ಹೊಂಡವಾಗಿ ಮಾರ್ಪಡಿಸಕೂಡದೆಂದು ವಿಧಿಸಿತು. ಕರಾವಳಿಯ ಸಾಕಣೆಗೆ 2005ರಲ್ಲಿ ಪ್ರತ್ಯೇಕ ಕಾನೂನು ಬಂತು. ನಮ್ಮ ಕುಮಟಾದ ಗಜನಿಗಳಲ್ಲಿಯೂ ಕಗ್ಗ ಬಿಟ್ಟು ಬರಿ ಸೀಗಡಿಗೆ ತಿರುಗಿದವರು ರೋಗದ ಏಟು ತಿಂದರು; ಭತ್ತ ನಿಂತ ಮೇಲೆ ಒಡ್ಡು ನೋಡಿಕೊಳ್ಳುವವರೂ ಕಡಿಮೆಯಾದರು.

2009ರಲ್ಲಿ ಅಮೆರಿಕ ಖಂಡದ ಮೂಲದ ವನ್ನಾಮೈ ಸೀಗಡಿಗೆ ಕೇಂದ್ರ ಸರ್ಕಾರ ಅನುಮತಿ ನೀಡಿದ ಮೇಲೆ ಚಿತ್ರ ಮತ್ತೆ ಬದಲಾಯಿತು. ನಿಗದಿತ ರೋಗಗಳಿಲ್ಲವೆಂದು ಪರೀಕ್ಷಿಸಿದ ತಾಯಿಸೀಗಡಿಗಳನ್ನು ಹೊರದೇಶದಿಂದ ತರಿಸಿ, ಚೆನ್ನೈನಲ್ಲಿ ಪ್ರತ್ಯೇಕವಾಗಿರಿಸಿ ನೋಡಿ, ಆಮೇಲೆ ಮರಿ ಕೇಂದ್ರಗಳಿಗೆ ಕೊಡುವ ವ್ಯವಸ್ಥೆ ಬಂತು. ಇಂದು ನಮ್ಮ ದೇಶದ ಸಮುದ್ರೋತ್ಪನ್ನಗಳ ರಫ್ತಿನ ಹಣದಲ್ಲಿ ದೊಡ್ಡ ಪಾಲು ಸೀಗಡಿಯದು. ಅದರ ಅಪಾಯವೂ ಅಷ್ಟೇ ದೊಡ್ಡದು: 2025ರ ಆಗಸ್ಟಿನಲ್ಲಿ ಅಮೆರಿಕ ಸುಂಕ ಏರಿಸಿದಾಗ ಆಂಧ್ರದ ಹೊಂಡದ ದಂಡೆಯಲ್ಲಿ ನಿಂತ ರೈತ ಬೆಲೆಯ ಏಟು ತಿನ್ನಬೇಕಾಯಿತು.

ನಮ್ಮ ನೆಲದ ಲೆಕ್ಕ

ಇನ್ನು ನಮ್ಮ ಕಡೆಗೆ ಬರೋಣ. ವನ್ನಾಮೈಯನ್ನು ಸಮುದ್ರದಿಂದ ದೂರದಲ್ಲಿ ಬೆಳೆಸಲು ಬರುತ್ತದೆಯೇ ಎಂದರೆ, ಬರುತ್ತದೆ. ಹರಿಯಾಣ, ಪಂಜಾಬುಗಳ ಸವಳು ಭೂಮಿಯಲ್ಲಿ, ನೆಲದೊಳಗಿನ ಉಪ್ಪುನೀರು ಬಳಸಿ ಬೆಳೆಸಿದ್ದಾರೆ. ರೋಹ್ಟಕ್ ಬಳಿಯ ಲಾಹ್ಲಿಯಲ್ಲಿ ಕೇಂದ್ರ ಮೀನುಗಾರಿಕಾ ಶಿಕ್ಷಣ ಸಂಸ್ಥೆಯ ಕೇಂದ್ರ ಇದರ ಮೇಲೆ ಕೆಲಸ ಮಾಡಿದೆ. ಅಲ್ಲಿ ಕಂಡುಬಂದ ಸಂಗತಿಯೊಂದಿದೆ. ನಾಲಿಗೆಗೆ ಉಪ್ಪೆನಿಸಿದ ಮಾತ್ರಕ್ಕೆ ನೆಲದ ನೀರು ಸಮುದ್ರದ ನೀರಾಗುವುದಿಲ್ಲ. ಸಮುದ್ರದ ನೀರಿನಲ್ಲಿರುವಷ್ಟು ಪೊಟ್ಯಾಷ್ ಅದರಲ್ಲಿರುವುದಿಲ್ಲ. ಅದನ್ನು ಲೆಕ್ಕ ಹಾಕಿ ಬೆರೆಸದಿದ್ದರೆ ಮರಿಗಳು ಸೆಳೆತ ಬಂದಂತೆ ಮುರುಟಿಕೊಂಡು ಸಾಯುತ್ತವೆ. ಆದ್ದರಿಂದ ನೀರಿನ ಪರೀಕ್ಷೆ ಮೊದಲು, ಹೊಂಡ ಆಮೇಲೆ. ಸವಳು ಭೂಮಿಯ ಅಧ್ಯಯನವನ್ನು ಬಹುಕಾಲದಿಂದ ನಡೆಸುತ್ತಿರುವ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಕಂಪ್ಲಿಗೆ ಹೊಳೆ ದಾಟಿದರೆ ಸಿಗುವಷ್ಟು ಹತ್ತಿರದಲ್ಲಿದೆ. ಮಣ್ಣು, ನೀರಿನ ಗುಣ ತಿಳಿಯಲು ಬೇರೆ ಊರಿನ ದಲ್ಲಾಳಿಯನ್ನು ಕೇಳಬೇಕಾಗಿಲ್ಲ.

ಮರಿ ಬಿಟ್ಟ ಮೇಲೆಯೂ ನಿದ್ದೆ ಇರುವುದಿಲ್ಲ. ಸೀಗಡಿ ಕಿಕ್ಕಿರಿದ ಹೊಂಡದಲ್ಲಿ ರಾತ್ರಿಯೆಲ್ಲ ಪಾಚಿಯೂ ಸೀಗಡಿಯೂ ಸೇರಿ ನೀರಿನ ಆಮ್ಲಜನಕವನ್ನು ಮುಗಿಸುತ್ತವೆ. ಬೆಳಗಿನ ಜಾವ ನಾಲ್ಕರಿಂದ ಆರರ ನಡುವೆ ಅದು ಅತಿ ಕಡಿಮೆಯಾಗುತ್ತದೆ. ಆ ಹೊತ್ತಿನಲ್ಲಿ ನೀರು ಕಡೆಯುವ ಚಕ್ರ ತಿರುಗಲೇಬೇಕು. ಕರೆಂಟು ಹೋಗಿ, ಡೀಸೆಲ್ ಜನರೇಟರ್ ಹೊತ್ತಿಗೆ ಸರಿಯಾಗಿ ಏಳದಿದ್ದರೆ ನೂರು ದಿನದ ಬೆಳೆ ಒಂದು ತಾಸಿನಲ್ಲಿ ಹೋಗುತ್ತದೆ. ನಮ್ಮ ಹಳ್ಳಿಗಳ ಕರೆಂಟಿನ ಬಗ್ಗೆ ಇಲ್ಲಿ ಹೆಚ್ಚು ಬರೆಯುವ ಅಗತ್ಯವಿಲ್ಲ.

ನೀರಿನ ಮಾತೂ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಣಿ ಕಡಿದು ಗೇಟು ಕೊಚ್ಚಿಹೋದಾಗ, ಕಾಲುವೆಯ ನೀರನ್ನು ನಂಬಿದ ಬೇಸಾಯ ಎಷ್ಟು ತೆಳ್ಳಗಿನ ಎಳೆಯ ಮೇಲಿದೆ ಎಂಬುದು ಎಲ್ಲರಿಗೂ ಅರಿವಾಯಿತು. ಭತ್ತ ನಾಲ್ಕು ದಿನ ತಡೆದೀತು, ಸೀಗಡಿ ತಡೆಯದು. ಸಂಡೂರಿನ ಕಡೆಯಲ್ಲಿ ತೊಡಕು ಬೇರೆ. ಗಣಿ ಗುಡ್ಡಗಳಿಂದ ಮಳೆಯಲ್ಲಿ ಇಳಿದುಬರುವ ಕೆಂಪು ನೀರಿನ ಸಣ್ಣ ಹೂಳು ಸೀಗಡಿಯ ಕಿವಿರಿಗೆ ಮೆತ್ತಿಕೊಂಡರೆ ಅದು ಉಸಿರಾಡುವುದು ಹೇಗೆ? ಅಲ್ಲಿ ಹೊಂಡ ಮಾಡುವವರು ನೀರನ್ನು ಮೊದಲು ಬೇರೆ ಗುಂಡಿಯಲ್ಲಿ ನಿಲ್ಲಿಸಿ ತಿಳಿಯಾಗಿಸದೆ ಒಳಗೆ ಬಿಡಬಾರದು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಬೆಳೆ ತೆಗೆದ ಮೇಲೆ ಹೊಂಡದ ನೀರು ಎಲ್ಲಿಗೆ ಹೋಗಬೇಕೆಂಬುದು. ಹೊಸಪೇಟೆ, ಕಮಲಾಪುರ, ಹಂಪಿಯ ಸುತ್ತ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತಿವೆ: ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತಾ ಕಾಲುವೆ. ಕೆಳಗೆ ರಾಮಸಾಗರ, ಕಂಪ್ಲಿ, ಬೆಳಗೋಡುಹಾಳ ಕಾಲುವೆಗಳು. ಐದು ಶತಮಾನಗಳಿಂದ ಒಬ್ಬನ ಗದ್ದೆಯ ಬಸಿನೀರು ಇನ್ನೊಬ್ಬನ ತೋಟಕ್ಕೆ ಹರಿಯುವ ಏರ್ಪಾಡು ಇದು. ಬಾಳೆ ಉಪ್ಪನ್ನು ಸ್ವಲ್ಪವೂ ಸಹಿಸದ ಬೆಳೆ. ಭತ್ತದ ಸಸಿಮಡಿಯೂ ಅಷ್ಟೇ. ಮೇಲಿನವನು ಉಪ್ಪುನೀರು ಬಿಟ್ಟರೆ ಕೆಳಗಿನವನ ಬಾಳೆಯ ಅಂಚು ಸುಡುತ್ತದೆ. ಸಮುದ್ರದ ಪಕ್ಕದ ಹೊಂಡಕ್ಕೆ ಸಮುದ್ರವೇ ಬಚ್ಚಲು. ನಮ್ಮ ಹೊಂಡಕ್ಕೆ ಬಚ್ಚಲು ಎಂದರೆ ಪಕ್ಕದ ಮನೆಯ ಗದ್ದೆ. ಸಿಹಿನೀರಿನ ಒಳ್ಳೆಯ ಗದ್ದೆಗೆ ಮೂಟೆಗಟ್ಟಲೆ ಉಪ್ಪು ಸುರಿದು ಸಮುದ್ರದ ಸೀಗಡಿ ಸಾಕುವ ಯೋಚನೆಯನ್ನು ಈ ಕಾರಣಕ್ಕಾಗಿ ನಾವು ಒಪ್ಪಲಾರೆವು. ಈಗಾಗಲೇ ಸವಳಾಗಿ, ಬೆಳೆ ಬಿಟ್ಟು, ಬಸಿನೀರು ಬೇರೆಯವರ ಹೊಲಕ್ಕೆ ಹೋಗದಂಥ ತುಂಡಾದರೆ ಅದರ ಮಾತು ಬೇರೆ.

ಸಿಹಿನೀರಿಗೇ ಒಗ್ಗುವ ಸೀಗಡಿಯೂ ಇದೆ. ನೀಲಿ ಕೊಂಡಿಯ ದೊಡ್ಡ ಸಿಹಿನೀರು ಸೀಗಡಿಯನ್ನು ಕಟ್ಲಾ, ರೋಹುಗಳ ಜೊತೆ ಕೊಳದಲ್ಲಿ ಬೆಳೆಸಬಹುದು. ಆದರೆ ಅದರ ಮರಿಗೆ ಬೇಕಾದದ್ದೇ ವಿಚಿತ್ರ: ತಾಯಿ ಹೊಳೆಯಲ್ಲಿ ಬೆಳೆದರೂ ಮರಿ ಎಳೆತನದಲ್ಲಿ ಸವುಳು ನೀರಿನಲ್ಲಿಯೇ ಬದುಕಬೇಕು. 1960ರ ದಶಕದ ಆರಂಭದಲ್ಲಿ ಮಲಯಾದ ಪೆನಾಂಗಿನಲ್ಲಿ ಲಿಂಗ್ ಎಂಬ ವಿಜ್ಞಾನಿ ಇದನ್ನು ಕಂಡುಕೊಂಡರು. ಎಷ್ಟು ಮೇವು ಹಾಕಿದರೂ ಮರಿ ಸಾಯುತ್ತಿದ್ದಾಗ, ನೀರಿಗೆ ಉಪ್ಪು ಬೇಕೆಂಬುದು ಅವರಿಗೆ ಹೊಳೆಯಿತು. ಹೀಗಾಗಿ ಇದರ ಮರಿ ಕೇಂದ್ರಗಳೂ ಹೆಚ್ಚಾಗಿ ಕರಾವಳಿಯಲ್ಲಿಯೇ ಇವೆ. ಹೊಸಪೇಟೆಯವರೆಗೆ ಮರಿ ಬರುವ ಹೊತ್ತಿಗೆ ದಾರಿಯಲ್ಲಿ ಎಷ್ಟು ಉಳಿದಿತು ಎಂಬುದನ್ನು ಚೀಲ ಬಿಚ್ಚಿ ಎಣಿಸಿಯೇ ಹಣ ಕೊಡಬೇಕು. ರೋಗಪರೀಕ್ಷೆಯ ಪತ್ರವಿಲ್ಲದ ಮರಿಯನ್ನು ಅಗ್ಗವೆಂದು ಕೊಳ್ಳಬಾರದು. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಅಧಿಕಾರಿಗಳನ್ನು ಕಂಡು, ಯಾವ ಮರಿಗೆ ಯಾವ ಅನುಮತಿ ಬೇಕೆಂದು ವಿಚಾರಿಸುವುದು ಮೊದಲ ಕೆಲಸ.

ಫುಜಿನಾಗ ಅವರು ಕಟ್ಟಿದ ಐಯೋ ಊರು 2005ರಲ್ಲಿ ಯಮಗುಚಿ ನಗರಕ್ಕೆ ಸೇರಿಹೋಯಿತು. ಬಿಳಿಚುಕ್ಕೆ ರೋಗದ ಹೊಡೆತವನ್ನು ತಡೆದುಕೊಂಡು ಸೀಗಡಿ ಸಾಕಣೆ ಜಪಾನಿನಲ್ಲಿ ಇಂದಿಗೂ ಉಳಿದಿದೆ, ಮೊದಲಿನಷ್ಟು ಅಬ್ಬರವಿಲ್ಲದೆ. ಬೇಸಿಗೆಯಲ್ಲಿ ಐಯೋದ ಕಡಲದಂಡೆಯಲ್ಲಿ ಬಲೆ ಕಟ್ಟಿ ಸೀಗಡಿಗಳನ್ನು ಬಿಟ್ಟು, ಬರಿಗೈಯಲ್ಲಿ ಹಿಡಿಯುವ ಸ್ಪರ್ಧೆ ನಡೆಸುವ ರೂಢಿ ಅಲ್ಲಿ ಬೆಳೆದಿದೆ. ಊರೂರುಗಳಿಂದ ಜನ ಮಕ್ಕಳನ್ನು ಕರೆತಂದು, ಮೊಣಕಾಲುದ್ದ ನೀರಿನಲ್ಲಿ ಮರಳು ತಡಕುತ್ತಾರೆ. ಹಿಡಿದಷ್ಟು ಸೀಗಡಿ ಹಿಡಿದವರದೇ.